ದುರ್ಗದ ಕೋಟೆ ತೂರಿದ ಎಲೆಕ್ಟ್ರಾನ್

ಗೆಳೆಯರೇ, ಇವತ್ತು ನಾನು ಇಡೀ ಚಿತ್ರದುರ್ಗದ ಮರ್ಯಾದೆ ತೆಗೆದೆನಂತೆ.

ಎಂ.ಎಸ್ಸಿ. ಕ್ವಾಂಟಮ್ ತರಗತಿಯಲ್ಲಿ ನನ್ನ ಸೆಮಿನಾರ್ ಇತ್ತು. ಇದರಲ್ಲಿ ಪಾಸಾಗದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಗೋಡೆ ಹತ್ತುವಷ್ಟು ಶಕ್ತಿ ಇಲ್ಲದ ಎಲೆಕ್ಟ್ರಾನ್ ಒಮ್ಮೊಮ್ಮೆ ಗೋಡೆಯ ಆಚೆ ಸಿಗುತ್ತದೆ ಎಂಬುದು ನನ್ನ ವಿಷಯ. ಎಲ್ಲರಿಗೂ ಸುಲಭವಾಗಲಿ ಎಂದು, "ಈ ಗೋಡೆ ದುರ್ಗದ ಕೋಟೆ ಅಂತ ತಿಳ್ಕಳ್ರಿ" ಎಂದೆ. ಅಲ್ಲಿಗೆ ಭೌತಶಾಸ್ತ್ರ ಮುಗಿಯಿತು.

ಬೆಲ್‌ಬಾಟಂ ತೊಟ್ಟ ಸಹಪಾಠಿ, ದುರ್ಗದ ಬಸಣ್ಣ ಎದ್ದು ನಿಂತ. "ಲೇ, ಎಂತೆಂಥಾ ದಂಡು ಬಂದು ತಲೆ ಚಚ್ಕಂಡು ಹೋಗ್ಯಾವೆ. ನಿನ್ನ ಎಲೆಕ್ಟ್ರಾನ್ ಯಾವೂರ ದೊಣ್ಣೆನಾಯಕನಲೇ?"

"ಲೆಕ್ಕದಾಗೆ ಹಂಗೇ ಐತಪ್ಪ" ಎಂದೆ.

"ಹೊಳಲ್ಕೆರೆಯಿಂದ ಬಂದು ನಮ್ ಕೋಟೆ ತೂರಿಸ್ತೀಯೇನಲೇ?" ಎಂದ. ಹಿಂದಿನ ಬೆಂಚುಗಳು ಡೆಸ್ಕು ಗುದ್ದಿದವು.

ಕಾಪಾಡಿ ಎಂಬಂತೆ ಮೇಷ್ಟ್ರ ಕಡೆ ನೋಡಿದೆ. ಅವರೂ ದುರ್ಗದವರೇ. ಕನ್ನಡಕ ಒರೆಸುತ್ತಾ, "ಕೋಟೆ ಬ್ಯಾಡಪ್ಪ. ಬೇರೆ ಯಾವುದಾದ್ರೂ ಗೋಡೆ ಹೇಳು" ಎಂದರು.

"ನಮ್ ಹೊಳಲ್ಕೆರೆ ಅಡಿಕೆ ಮಂಡಿ ಗೋಡೆ ಆಗ್ಬೋದಾ ಸಾರ್?"

"ಅದಕ್ಕೆ ಎಲೆಕ್ಟ್ರಾನ್ ಯಾಕ್ಲೇ, ಎಮ್ಮೇನೂ ತೂರ್ತದೆ!" ಎಂದ ಬಸಣ್ಣ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕು ನನ್ನನ್ನು ಪಾಸು ಮಾಡಿದರು.

ಬೋರ್ಡಿನ ಮೇಲಿದ್ದ ಸಮೀಕರಣದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಪ್ರಕೃತಿಯ ನಿಯಮ ಎಲ್ಲ ಊರಿಗೂ ಒಂದೇ ಎಂದು ನಮ್ಮ ಪಠ್ಯಪುಸ್ತಕ ಹೇಳುತ್ತದೆ. ಅದನ್ನು ಬರೆದವರು ದುರ್ಗದ ಕಡೆ ಬಂದಂತಿಲ್ಲ.