ನಲವತ್ತು ಸೆಕೆಂಡು ಯಾಕೆ ಕಾಯಬೇಕು

ಇಳಕಲ್ಲಿನ ಕಾಸಿಂಬಿಯ ಮಗಳು ಸಾಯಿಮಾಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೆಲಸದಲ್ಲಿ ಮಾತ್ರ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ, ಊರಂಚಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರಕ್ಕೆ ಪ್ರೋಗ್ರಾಮ್ ಬರೆಯಲು ಸೇರಿದ್ದಳು. ಬರೆದ ಪ್ರತಿ ಸಾಲಿನ ಪಕ್ಕದಲ್ಲೂ, ಮುಂದೆ ಓದುವವರಿಗೆಂದು, ಒಂದು ಟಿಪ್ಪಣಿ, ಅಂದರೆ ಕಾಮೆಂಟ್, ಹಾಕುವ ಚಟ ಅವಳದು. 'ಇಲ್ಲಿ ಮೋಟಾರು ಶುರುವಾಗುತ್ತದೆ.' 'ಇಲ್ಲಿ ಮೋಟಾರು ನಿಲ್ಲುತ್ತದೆ.' ಅಯ್ಯೋ, ಅದನ್ನು ಆ ಸಾಲೇ ಹೇಳುತ್ತಿತ್ತಲ್ಲ!

ಕೆಲಸ ಕಲಿಸಿದ ರಾಚಪ್ಪ ಒಂದು ದಿನ ಎಲ್ಲರೆದುರು ನಕ್ಕುಬಿಟ್ಟ. "ಏನವಾ, ಬಾಗಲಾ ಮ್ಯಾಲ 'ಇದು ಬಾಗಲಾ' ಅಂತ ಬರದಂಗ ಆತಲ್ಲ! ಏನ್ ಮಾಡ್ತೈತಿ ಅನ್ನೂದು ಕಾಣತೈತಿ. ಯಾಕ ಮಾಡ್ತೈತಿ ಅನ್ನೂದು ಕಾಣಂಗಿಲ್ಲ, ಅದನ್ನಷ್ಟ ಬರಿ."

ಸಾಯಿಮಾಳ ಕಿವಿಗೆ ಬಿದ್ದದ್ದು ಆ ನಗು ಮಾತ್ರ. "ತೊಗೋರಿ ಹಂಗಾರ," ಎಂದವಳೇ ಒಂದೂ ಬಿಡದಂತೆ ಎಲ್ಲ ಕಾಮೆಂಟುಗಳನ್ನೂ ಅಳಿಸಿಹಾಕಿದಳು. ಅವುಗಳಲ್ಲಿ ಬೇಕಾದದ್ದು ಒಂದೇ ಒಂದಿತ್ತು: 'ಕರೆಂಟು ಹೋಗಿ ಬಂದಾಗ ಬೋರಿನ ನೀರು ಬ್ಲೇಡಿಗೆ ಮುಟ್ಟಲು ನಲವತ್ತು ಸೆಕೆಂಡು ಬೇಕು. ನೀರಿಲ್ಲದೆ ತಿರುಗಿದರೆ ಬ್ಲೇಡು ಸಿಡಿಯುತ್ತದೆ.' ಅದೂ ಹೋಯಿತು. ನಲವತ್ತು ಸೆಕೆಂಡು ಕಾಯಬೇಕೆನ್ನುವ ಸಾಲು ಮಾತ್ರ ಪ್ರೋಗ್ರಾಮಿನಲ್ಲಿ ಉಳಿಯಿತು.

ಮೂರು ವರ್ಷದ ಮೇಲೆ ರಾಚಪ್ಪ ಕೆಲಸ ಬಿಟ್ಟು ಕೆರೂರು ಸೇರಿದ. ಸಾಯಿಮಾ ಅದೇ ಕಾರ್ಖಾನೆಯ ಹುನಗುಂದದ ಹೊಸ ಘಟಕಕ್ಕೆ ಹೋದಳು. ಅವಳ ಜಾಗಕ್ಕೆ ಬಂದ ತೌಸಿಫ ಆ ಕಾಯುವ ಸಾಲನ್ನು ನೋಡಿದ, ಕಾರಣ ಹುಡುಕಿದ, ಎಲ್ಲೂ ಕಾಣದೆ ತೆಗೆದುಹಾಕಿದ. ಕರೆಂಟು ಹತ್ತಿಪ್ಪತ್ತು ನಿಮಿಷ ಹೋದರೆ ಪೈಪಿನಲ್ಲಿ ನೀರು ನಿಂತೇ ಇರುತ್ತಿತ್ತು. ಹಾಗಾಗಿ ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ದಿನ ಕರೆಂಟು ಬೆಳಗಿನಿಂದ ಮಧ್ಯಾಹ್ನದವರೆಗೆ ಹೋಯಿತು, ಪೈಪು ಬರಿದಾಯಿತು. ಕರೆಂಟು ಬಂದ ಕೂಡಲೇ ಒಣ ಬ್ಲೇಡು ತಿರುಗಿ, ಅದರ ಹಲ್ಲೊಂದು ಸಿಡಿದು, ಯಂತ್ರ ನಡೆಸುವ ಅಮಸಿದ್ದಪ್ಪನ ಬಲಗಣ್ಣಿಗೆ ಬಡಿಯಿತು. ಆ ಕಣ್ಣು ಇನ್ನು ಕಾಣುವುದಿಲ್ಲವೆಂದು ಬಾಗಲಕೋಟೆಯ ಡಾಕ್ಟರು ಹೇಳಿದರು.

ಮಾಲೀಕ ವಿಜಯಮಹಾಂತೇಶ ತೌಸಿಫನಿಗೆ ನಾಳೆಯಿಂದ ಬರಬೇಡವೆಂದ. ತೌಸಿಫ ಸಾಯಿಮಾಗೆ ಫೋನು ಮಾಡಿದ. "ಆಪಾ, ಅದು ಯಾಕ ಇತ್ತು? ನಾ ಎಲ್ಲಾ ಕಡಿ ಹುಡುಕೇನಿ, ಏನೂ ಬರದಿರಲಿಲ್ಲ."

"ನೋಡಿ ಹೇಳತೇನಿ," ಎಂದು ಸಾಯಿಮಾ ಫೋನು ಇಟ್ಟಳು. ಆ ಕಾರಣ ಬರೆದದ್ದು, ಅದನ್ನು ಅಳಿಸಿದ್ದು ಗೊತ್ತಿದ್ದವಳು ಅವಳೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ತನ್ನ ಕೆಲಸ ಉಳಿಯುತ್ತಿತ್ತು, ತೌಸಿಫನದು ಹೋಗುತ್ತಿತ್ತು. ಎರಡು ದಿನ ಮುಚ್ಚಿಕೊಂಡಳು ಕೂಡ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಇಲ್ಲಂತೂ ಹೋದದ್ದು ಮತ್ತೊಬ್ಬರ ಕಣ್ಣು.

ಮೂರನೆಯ ದಿನ ಮಾಲೀಕನೆದುರು ನಿಂತಳು. "ಸರ್, ಕಾರಣ ಬರದಿದ್ನಿ. ಸಿಟ್ಟಿಗೆ ನಾನ ಅಳಿಸೇನಿ. ತೌಸಿಫಂದು ತಪ್ಪಿಲ್ರಿ."

ವಿಜಯಮಹಾಂತೇಶ ಕುರ್ಚಿಯಿಂದ ಎದ್ದ. "ತೌಸಿಫ ಇರ್ಲಿ. ನಿಂದು ಆಮ್ಯಾಲ ನೋಡೂಣು. ಮೊದಲ ಆ ಮನಷ್ಯಾಗ ಹೋಗಿ ನೀನ ಹೇಳು."

ದವಾಖಾನೆಯ ಮಂಚದ ಮೇಲೆ ಅಮಸಿದ್ದಪ್ಪ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಸಾಯಿಮಾ ಎಲ್ಲವನ್ನೂ ಹೇಳಿದಳು, ತಲೆ ಎತ್ತದೆ. ಬೈಯಲಿ, ಬೈದರೆ ಹಗುರಾಗುತ್ತದೆ ಎಂದು ಕಾದಳು.

ಅವನು ಬೈಯಲಿಲ್ಲ.

"ತಂಗಿ, ಆ ಕಾಯೂದನ್ನ ತೆಗಿ ಅಂತ ತೌಸಿಫನ ಬೆನ್ನ ಹತ್ತಿದಾಂವ ನಾನ. ಸುಮ್ನ ನಿಂತು ನಿಂತು ಬ್ಯಾಸರ ಆಗಿತ್ತು. ನೀರು ಬರ್ಲಿ ಅಂತ ನಿಂತೈತಿ ಅಂತ ಒಬ್ಬರರ ಹೇಳಿದ್ರ, ನಲವತ್ತಲ್ಲ, ನಾಕನೂರು ಸೆಕೆಂಡ ನಿಲ್ತಿದ್ನಿ."