ಎಡಗಣ್ಣಿನ ಬಾಯಿಪಾಠ

ಕೇಳಿ ಗೆಳೆಯರೇ, ಇವತ್ತು ನನ್ನ ಆರು ವರ್ಷದ ಮಗಳು ಹಾವೇರಿಯ ಕಣ್ಣಿನ ಡಾಕ್ಟರ ಕೈಗೆ ಸಿಕ್ಕಿಬಿದ್ದಳು.

ಅವಳ ಎಡಗಣ್ಣು ಮಂದ. ಅದಕ್ಕೆ ಕೆಲಸ ಹಚ್ಚಲೆಂದು, ಚೆನ್ನಾಗಿ ಕಾಣುವ ಬಲಗಣ್ಣಿಗೆ ಮೂರು ತಿಂಗಳಿಂದ ದಿನಾ ಪಟ್ಟಿ ಅಂಟಿಸುತ್ತಿದ್ದೇವೆ. ಇವತ್ತು ಡಾಕ್ಟರು ಗೋಡೆಯ ಅಕ್ಷರದ ಚಾರ್ಟ್ ತೋರಿಸಿದ್ದೇ ತಡ, ಎಡಗಣ್ಣಿನಲ್ಲೇ ಕೊನೆಯ ಸಾಲಿನವರೆಗೂ ಮಗ್ಗಿಯಂತೆ ಒಪ್ಪಿಸಿದಳು. ನನಗೆ ಕುಣಿಯುವಷ್ಟು ಖುಷಿ. ಡಾಕ್ಟರು ಬೇರೆ ಚಾರ್ಟ್ ತೂಗುಹಾಕಿದರು. ಮಗಳು ಹಳೆಯದನ್ನೇ ಒಪ್ಪಿಸಿದಳು!

"ಯಾರು ಕಲಿಸಿದರವ್ವಾ ಇದನ್ನ?" ಡಾಕ್ಟರು ಮಗಳನ್ನು ಕೇಳಿದರು.

"ಅಜ್ಜಿ."

ಅಜ್ಜಿ ಎಂದರೆ ಪಕ್ಕದಲ್ಲೇ ಕುಳಿತಿದ್ದ ನನ್ನ ಅವ್ವ, ಬ್ಯಾಡಗಿಯ ನಿವೃತ್ತ ಶಿಕ್ಷಕಿ, ಎಲ್ಲರ ಬಾಯಲ್ಲೂ 'ಅಕ್ಕೋರು'. ಹೋದ ತಿಂಗಳೇ ಚಾರ್ಟನ್ನು ಪೋಸ್ಟ್‌ಕಾರ್ಡಿಗೆ ಇಳಿಸಿಕೊಂಡು ಬಂದು, ದಿನಾ ಸಂಜೆ ಬಾಯಿಪಾಠ ಮಾಡಿಸಿದ್ದಳಂತೆ.

"ಅಕ್ಕೋರ, ಕೂಸಿಗೆ ಎಷ್ಟು ಕಾಣ್ತೈತಿ ಅಂತ ನೋಡಾಕತ್ತೇನ್ರಿ, ಪಾಸು ಮಾಡಾಕಲ್ಲ," ಎಂದರು ಡಾಕ್ಟರು. ಆಮೇಲೆ ಹೊಸ ಚಾರ್ಟಿನ ಒಂದೊಂದೇ ಅಕ್ಷರ ತೋರಿಸಿ ಕೇಳಿದರು. ಮಗಳು ತಡವರಿಸುತ್ತ ನಾಲ್ಕು ಸಾಲು ಓದಿದಳು. ಹೋದ ಸಲ ಎರಡೇ ಓದಿದ್ದಳು. "ಸುಧಾರಿಸೈತಿ, ಪಟ್ಟಿ ಬಿಡಬ್ಯಾಡ್ರಿ."

ಬಸ್ಸಿನಲ್ಲಿ ಅವ್ವನ ಮುಖ ಮಾತ್ರ ಗಂಟು. "ಪಾಠದಾಗ ಇಲ್ಲದ್ದು ಕೇಳಿದರ ಕೂಸು ಏನು ಮಾಡಬೇಕು?" ಎನ್ನುತ್ತಲೇ ಚೀಲದಿಂದ ಇನ್ನೊಂದು ಪೋಸ್ಟ್‌ಕಾರ್ಡ್ ತೆಗೆದಳು. ಹೊಸ ಚಾರ್ಟ್ ಆಗಲೇ ಅದರಲ್ಲಿತ್ತು.