ಮಾರ್ತಾ ಕಲಿತ ಪದ್ಧತಿ

ಇಂದು ಸಂಜೆ ಶಾಲೆಯಿಂದ ಬರುವಾಗ ಬನಹಟ್ಟಿಯ ನಮ್ಮ ಓಣಿಯಲ್ಲಿ ನೂಲಿಗೆ ಹಾಕಿದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆಯನ್ನು ಇಷ್ಟಪಟ್ಟವಳು ನಾನು ಕಂಡಂತೆ ಒಬ್ಬಳೇ: ಪೋಲೆಂಡಿನ ಮಾರ್ತಾ. ವಿದ್ಯಾರ್ಥಿ ವಿನಿಮಯದಲ್ಲಿ ಬಂದ ಹುಡುಗಿ, ನನ್ನ ಗಂಡನ ಗೆಳೆಯರ ಮಗ್ಗದಲ್ಲಿ ನೇಯ್ಗೆ ಕಲಿಯುತ್ತ ಎರಡು ವರ್ಷದ ಹಿಂದೆ ಚಳಿಗಾಲವಿಡೀ ನಮ್ಮ ಮನೆಯಲ್ಲಿದ್ದಳು.

ಅವಳು ಬರುತ್ತಾಳೆಂದಾಗ ನನಗೆ ಹೊಳೆದದ್ದು ಸಂಸ್ಕೃತಿಯಲ್ಲ, ಇನ್ನಷ್ಟು ರೊಟ್ಟಿ ಬಡಿಯಬೇಕಲ್ಲ ಎಂಬುದು. ಹಗಲಿಡೀ ಮಕ್ಕಳಿಗೆ ಮಗ್ಗಿ ಹೇಳಿಸಿ ಬಂದವಳಿಗೆ ದೊಡ್ಡ ವಿಚಾರ ಹೊಳೆಯುವುದಿಲ್ಲ ನೋಡಿ.

ನಮ್ಮ ಮಾತು ಕಲಿತದ್ದೇ ತಡ, ಮಾರ್ತಾಗೆ ಎಲ್ಲವೂ ಪ್ರಶ್ನೆ. ಒಂದು ದಿನ ಹಂಚಿನ ಮುಂದಿದ್ದ ನನ್ನನ್ನು, "ಅಕ್ಕಾ, ನೀವ್ಯಾಕ ಕಡೀಗೆ ಉಣ್ಣತೀರಿ?" ಎಂದು ಕೇಳಿದಳು.

"ರೊಟ್ಟಿ ಬಡಿಯಾವ್ರು ಕಡೀಗೆ ಉಣ್ಣೂದು ನಮ್ಮ ಕಡೆ ಪದ್ಧತಿ," ಎಂದೆ. ಮಾತು ಮುಗಿಸಲು ಅಷ್ಟು ಸಾಕೆಂದುಕೊಂಡಿದ್ದೆ.

ಅವಳು ಅದನ್ನು ಪಾಠವೆಂದೇ ತಿಳಿದಳು. ಮರುದಿನದಿಂದ ತಾಟಿನ ಮುಂದೆ ಕೂರದೆ ನನ್ನ ಪಕ್ಕ ಕೂತು ಹಿಟ್ಟು ನಾದತೊಡಗಿದಳು. ಅವಳು ಬಡಿದ ರೊಟ್ಟಿ ಹಂಚು ಮುಟ್ಟುವಷ್ಟರಲ್ಲಿ ಹರಿಯುತ್ತಿತ್ತು. "ನೀ ಉಣ್ಣ ಹೋಗ," ಎಂದರೆ, "ಬಡದಾವ್ರು ಕಡೀಗೆ," ಎನ್ನುವಳು.

ಕೆಲವು ದಿನ ನೋಡಿದ ಅತ್ತೆಗೆ ತಡೆಯಲಾಗಲಿಲ್ಲ. "ಪರದೇಶದ ಕೂಸು ಹಸಕೊಂಡು ಕುಂತರ ನಮಗ ತುತ್ತು ಇಳೀತೈತೇನ? ಎಲ್ಲಾ ಬಡದಿಟ್ಟು ಇಬ್ಬರೂ ಬಂದು ಕುಂದರ್ರಿ."

ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಮನೆಯವರ ಜೊತೆ ಕೂತು ಉಂಡೆ. ಆ ಮಾತು ನನಗಾಗಿ ಆಡಿದ್ದಲ್ಲವೆಂಬುದು ಚುಚ್ಚಿತು. ಹಾಗೆಂದು ಊಟ ಕಡಿಮೆ ಮಾಡಲಿಲ್ಲ ಬಿಡಿ.

ಮಾರ್ತಾ ತನ್ನ ದೇಶಕ್ಕೆ ಹೋದಳು. ವಾರದೊಳಗೆ, "ಬಿಸೀದೊಂದು ಹಾಕ," ಎಂಬ ಗಂಡನ ದನಿ ಮರಳಿತು. ನಾನೂ ಊಟ ಬಿಟ್ಟೆದ್ದು ಮತ್ತೆ ಹಂಚಿನ ಮುಂದೆ ಕೂತೆ. ಜಗಳಕ್ಕೂ ತ್ರಾಣ ಬೇಕಲ್ಲ.

ಇಂದು ಮಾತ್ರ ಕಾಲು ಕೇಳಲಿಲ್ಲ. ಅಷ್ಟೂ ರೊಟ್ಟಿ ಬಡಿದು ಬುಟ್ಟಿಗೆ ಹಾಕಿ, ಗ್ಯಾಸ್ ಆರಿಸಿ, ಎಲ್ಲರ ತಾಟಿನ ಜೊತೆ ನನ್ನದನ್ನೂ ಇಟ್ಟುಕೊಂಡು ಕೂತೆ.

ಅತ್ತೆ ತಾಟುಗಳನ್ನು ನೋಡಿ, "ಯಾರರೆ ಬರಾವ್ರದಾರೇನ?" ಎಂದರು.

"ಯಾರೂ ಇಲ್ರೀ ಅತ್ತಿ. ನನಗ ಹಸಿವಾಗೇತ್ರಿ."

ಗಂಡ ತುತ್ತನ್ನು ಕೈಯಲ್ಲೇ ಹಿಡಿದು ಕೂತರು. ಅತ್ತೆ ಪಲ್ಯದ ಪಾತ್ರೆಯನ್ನು ನನ್ನ ಕಡೆಗೆ ಸರಿಸಿದರು.